ಗಟ್ಟಿ ಮರದ ಊಟದ ಟೇಬಲ್: ಎಲ್ಲಿ ಬಿಗಿ, ಎಲ್ಲಿ ಸಡಿಲ

ಪ್ಲೈವುಡ್ ಬೇಡ, ಪೂರ್ತಿ ಮರದ್ದೇ ಇರಲಿ ಅಂತ ಆಸೆಪಟ್ಟು ಊಟದ ಟೇಬಲ್ ಮಾಡಿಸಿಕೊಂಡವರಲ್ಲಿ ಎಷ್ಟೋ ಜನ ವರ್ಷ ತುಂಬುವುದರೊಳಗೆ ಒಂದೇ ದೂರು ಹೇಳುತ್ತಾರೆ. ಮೇಲಿನ ಹಲಗೆಯಲ್ಲಿ ಉದ್ದಕ್ಕೆ ಸೀಳು ಬಿಟ್ಟಿದೆ, ಇಲ್ಲವೇ ಒಂದು ಮೂಲೆ ಎದ್ದುಕೊಂಡಿದೆ. ಮರ ಹಸಿ ಇತ್ತು, ಕಳಪೆ ಇತ್ತು ಅಂತ ಬೈಗುಳ ಶುರುವಾಗುತ್ತದೆ. ಮರ ನಿಜವಾಗಿಯೂ ಹಸಿ ಇದ್ದಿರಬಹುದು. ಆದರೆ ಚೆನ್ನಾಗಿ ಒಣಗಿದ, ಒಳ್ಳೆಯ ಚೇಗಿನ ಮರವೂ ಹೀಗೆ ಸೀಳುತ್ತದೆ. ಅದನ್ನು ಅಲ್ಲಾಡಲು ಬಿಡದ ಹಾಗೆ ಸ್ಕ್ರೂ ಹೊಡೆದು ಕಟ್ಟಿಹಾಕಿದರೆ ಸಾಕು.

ಹಳೆಯ ಕಾಲದ ಜೋಡಣೆಗಳು ಹುಟ್ಟಿದ್ದೇ ಈ ತಲೆನೋವಿಗೆ. ನೋಡಲು ಅವು ಬರೀ ಕೈಚಳಕ ಅನಿಸುತ್ತವೆ. ಹತ್ತಿರದಿಂದ ನೋಡಿದರೆ ಒಂದೊಂದೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಮರವನ್ನು ಎಲ್ಲಿ ಬಿಗಿಯಾಗಿ ಹಿಡಿಯಬೇಕು, ಎಲ್ಲಿ ಅದರ ಪಾಡಿಗೆ ಬಿಡಬೇಕು?

ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕಲ್ಲ

ಮರದ ಒಳಗೆ ಕಾಂಡದ ಉದ್ದಕ್ಕೂ ಸಣ್ಣ ಸಣ್ಣ ನಾರುಗಳಿರುತ್ತವೆ. ಒಂದು ಪೊರಕೆಯನ್ನು ನೆನಪಿಸಿಕೊಳ್ಳಿ. ಅದನ್ನು ನೀರಲ್ಲಿ ನೆನೆಸಿದರೆ ಪ್ರತಿ ಕಡ್ಡಿಯೂ ಸ್ವಲ್ಪ ದಪ್ಪ ಆಗುತ್ತದೆ, ಕಟ್ಟು ಬಿಗಿಯಾಗುತ್ತದೆ. ಪೊರಕೆ ಮಾತ್ರ ಉದ್ದ ಆಗುವುದಿಲ್ಲ. ಮರವೂ ಹಾಗೆಯೇ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ನೀರಿನ ಅಂಶ ಹೀರಿ ಅಗಲಕ್ಕೆ ಉಬ್ಬುತ್ತದೆ, ಗಾಳಿ ಒಣಗಿದರೆ ಅಗಲದಲ್ಲೇ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಮರ ಕಡಿದು ನೂರು ವರ್ಷ ಆದರೂ ಈ ಗುಣ ಹೋಗುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ತೇವ ಶೇ. 65ರಷ್ಟಿದ್ದರೆ ಮರದೊಳಗಿನ ನೀರಿನ ಅಂಶ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತೇವ ಶೇ. 40–45ಕ್ಕೆ ಇಳಿದರೆ ಅದು ಸುಮಾರು ಶೇ. 8 ಆಗುತ್ತದೆ. ಎಸಿ, ಹೀಟರ್ ಹಾಕಿದ ಕೋಣೆಯಲ್ಲಿ ಇಷ್ಟು ಏರುಪೇರು ಮಾಮೂಲಿ.

ಈ ನಾಲ್ಕು ಪರ್ಸೆಂಟ್ ಏನು ಮಾಡುತ್ತದೆ ಅಂತ ಲೆಕ್ಕ ಹಾಕಿ ನೋಡಿ. 900 ಮಿಲಿಮೀಟರ್ ಅಗಲದ ಟೇಬಲ್, ಮರ ರೆಡ್ ಓಕ್, ದಿಮ್ಮಿಯಿಂದ ಮಾಮೂಲಿಯಾಗಿ ಪದರ ಪದರವಾಗಿ ಉದ್ದಕ್ಕೆ ಕೊಯ್ದ ಹಲಗೆ ಅಂದುಕೊಳ್ಳೋಣ. ಅಗಲದಲ್ಲಿ ಸುಮಾರು 13 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ತೇಗವಾದರೆ ಅದರ ಅರ್ಧ, ಸುಮಾರು 7 ಮಿಲಿಮೀಟರ್. ತೇಗಕ್ಕೆ ಇಷ್ಟು ಹೆಸರು ಬರಲು ಇದೂ ಒಂದು ಕಾರಣ. ಅದೇ ಟೇಬಲ್ಲಿನ 1800 ಮಿಲಿಮೀಟರ್ ಉದ್ದದಲ್ಲಿ ಆಗುವ ಬದಲಾವಣೆ ಅರ್ಧ ಮಿಲಿಮೀಟರ್ ಕೂಡ ಇಲ್ಲ.

ಈ ಹಿಗ್ಗುವಿಕೆಯನ್ನು ಯಾವ ಸ್ಕ್ರೂವೂ ಯಾವ ಅಂಟೂ ತಡೆಯಲಾರದು. ತಡೆಯಲು ಹೋದರೆ ಸ್ಕ್ರೂ ಬಾಗುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ.

ಹಲಗೆ ಆರಿಸುವಾಗ

ಪೀಠೋಪಕರಣದವರು ಹಾರ್ಡ್‌ವುಡ್ ಅನ್ನುವುದು ತೇಗ, ಓಕ್, ವಾಲ್‌ನಟ್, ಬೀಚ್, ಮೇಪಲ್‌ನಂಥ ಅಗಲ ಎಲೆಯ ಮರಗಳಿಗೆ. ಇದು ಮರದ ಜಾತಿಯ ಹೆಸರೇ ಹೊರತು ಗಟ್ಟಿತನದ ಅಳತೆಯಲ್ಲ. ಆಟಿಕೆ ವಿಮಾನ ಮಾಡುವ ಹಗುರವಾದ ಬಾಲ್ಸಾ ಕೂಡ ಇದೇ ಗುಂಪಿಗೆ ಸೇರುತ್ತದೆ. ಊಟದ ಟೇಬಲ್ಲಿಗೆ ಬೇಕಾದದ್ದು ತಟ್ಟೆ, ಪಾತ್ರೆ ಎಳೆದಾಡಿದರೆ ಬೇಗ ಗೀರು ಬೀಳದ, ಸಾಕಷ್ಟು ತೂಕದ ಮರ.

ಹಲಗೆಯ ತುದಿಯನ್ನು ನೋಡಿದರೆ ಉಂಗುರಗಳು ಕಾಣುತ್ತವೆ. ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ಕಡಿಮೆ ಹಿಗ್ಗುತ್ತದೆ, ಬಾಗುವುದೂ ಕಡಿಮೆ. ಗೆರೆಗಳು ಮುಖಕ್ಕೆ ಹೆಚ್ಚುಕಡಿಮೆ ಸಮನಾಗಿ ಮಲಗಿದ್ದರೆ ಎರಡರಷ್ಟು ಹಿಗ್ಗಬಹುದು. ರೆಡ್ ಓಕ್‌ನಲ್ಲಿ ಮೇಲೆ ಹೇಳಿದ 13 ಮಿಲಿಮೀಟರ್, ನೆಟ್ಟಗಿನ ಗೆರೆಯ ಹಲಗೆಯಾದರೆ 6ಕ್ಕೆ ಇಳಿಯುತ್ತದೆ. ಇಂಥ ಹಲಗೆ ತುಟ್ಟಿ, ಯಾಕೆಂದರೆ ಹೀಗೆ ಕೊಯ್ದರೆ ದಿಮ್ಮಿಯಲ್ಲಿ ವ್ಯರ್ಥ ಜಾಸ್ತಿ. ಕಾಂಡದ ನಟ್ಟನಡುವಿನ ಭಾಗ ಇರುವ ಹಲಗೆಯಂತೂ ಬೇಡವೇ ಬೇಡ. ಅದು ಇವತ್ತಲ್ಲ ನಾಳೆ ಸೀಳುತ್ತದೆ.

ಕಾಲಿಗೆ ಮರ ಆರಿಸುವಾಗ ಇನ್ನೊಂದು ಉಪಾಯವಿದೆ. ತುದಿಯಲ್ಲಿ ಉಂಗುರದ ಗೆರೆಗಳು ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಹೋಗುವಂತಿದ್ದರೆ ಕಾಲಿನ ನಾಲ್ಕೂ ಮುಖದಲ್ಲಿ ನಾರು ಒಂದೇ ಥರ ಕಾಣುತ್ತದೆ. ಇಲ್ಲದಿದ್ದರೆ ಎರಡು ಮುಖದಲ್ಲಿ ನೆಟ್ಟಗಿನ ಗೆರೆ, ಎರಡು ಮುಖದಲ್ಲಿ ಬಳುಕುವ ಚಿತ್ತಾರ.

ಒಣಗಿಸುವ ವಿಷಯದಲ್ಲಿ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಹಳೆಯ ಅಂದಾಜು. ಅಂದಾಜು ಮಾತ್ರ. ತೇವ ಅಳೆಯುವ ಮೀಟರ್ ಒತ್ತಿ ನೋಡುವುದೇ ಸರಿಯಾದ ದಾರಿ. ಒಣಗಿದ ಮರವನ್ನೂ ಕೆಲಸ ಮಾಡುವ ಜಾಗದಲ್ಲಿ ಎರಡು ಮೂರು ವಾರ, ಹಲಗೆ ಹಲಗೆಯ ನಡುವೆ ಸಣ್ಣ ರೀಪು ಇಟ್ಟು, ಗಾಳಿ ಆಡುವಂತೆ ಬಿಡಬೇಕು.

ಅಳತೆ

ಇದು ಮನುಷ್ಯನ ಮೈಯಿಂದ ಬರುತ್ತದೆ. ನೆಲದಿಂದ ಟೇಬಲ್ಲಿನ ಎತ್ತರ 720ರಿಂದ 760 ಮಿಲಿಮೀಟರ್. ಒಬ್ಬರಿಗೆ 600 ಮಿಲಿಮೀಟರ್, ಅಂದರೆ ಎರಡು ಅಡಿ ಅಗಲದ ಜಾಗ. ಆರು ಜನಕ್ಕೆ 1800 × 900 ಇದ್ದರೆ ಆರಾಮ. ಎಲ್ಲರೂ ಮರೆಯುವುದು ತೊಡೆಯನ್ನು. ಮೇಲುಹಲಗೆಯ ಕೆಳಗೆ ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿಯ ಅಡಿಯಂಚಿನಿಂದ ನೆಲಕ್ಕೆ 600 ಮಿಲಿಮೀಟರ್‌ಗಿಂತ ಕಡಿಮೆ ಆದರೆ ಕೂತವರ ತೊಡೆ ತಾಗುತ್ತದೆ. ಹಾಗಾಗಿ ಅಡ್ಡಪಟ್ಟಿಯ ಅಗಲ 100ರಿಂದ 120ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಗುಳಿ ಮತ್ತು ನಾಲಿಗೆ

ಟೇಬಲ್ಲಿನ ಅಡಿಭಾಗ ಅಂದರೆ ನಾಲ್ಕು ಕಾಲು, ಅವನ್ನು ಕೂಡಿಸುವ ನಾಲ್ಕು ಅಡ್ಡಪಟ್ಟಿ. ಯಾರಾದರೂ ಟೇಬಲ್ಲನ್ನು ಪಕ್ಕಕ್ಕೆ ತಳ್ಳಿದರೆ ಕಾಲು ಉದ್ದನೆಯ ಹಾರೆಯ ಹಾಗೆ ಕೆಲಸ ಮಾಡಿ ಎಲ್ಲ ಒತ್ತಡವನ್ನೂ ಮೇಲಿನ ಆ ಕೂಡುಜಾಗಕ್ಕೆ ತರುತ್ತದೆ. ಟೇಬಲ್ ಗಡಗಡ ಅಲ್ಲಾಡುವುದು, ಬಾಳುವುದು ಎರಡೂ ಇಲ್ಲಿ ತೀರ್ಮಾನವಾಗುತ್ತದೆ.

ಇಲ್ಲಿಗೆ ಸರಿಹೊಂದುವ ಜೋಡಣೆಯೇ ಮಾರ್ಟಿಸ್ ಮತ್ತು ಟೆನನ್. ಕಾಲಿನಲ್ಲಿ ಆಯತಾಕಾರದ ಒಂದು ಗುಳಿ. ಅಡ್ಡಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಿಗೆ. ಇದು ಎಷ್ಟು ಹಳೆಯದು ಅಂದರೆ, ಜರ್ಮನಿಯ ಲೈಪ್‌ಜಿಗ್ ಸುತ್ತಮುತ್ತ ಸಿಕ್ಕ ಸುಮಾರು 7000 ವರ್ಷ ಹಿಂದಿನ ಬಾವಿಗಳ ಓಕ್ ಕಟ್ಟಿನಲ್ಲೂ ಗುಳಿ-ನಾಲಿಗೆ ಜೋಡಣೆ ಇದೆ. ಆಗ ಅಲ್ಲಿ ಲೋಹದ ಉಳಿ ಇರಲಿಲ್ಲ. ಕಲ್ಲಿನ ಬಾಚಿಯಿಂದ ಮಾಡಿದ ಕೆಲಸ ಅದು.

ಸುಮ್ನೆ ಅಡ್ಡಪಟ್ಟಿಯ ತುದಿಗೆ ಅಂಟು ಬಳಿದು ಕಾಲಿಗೆ ಒತ್ತಿದರೆ ಯಾಕೆ ನಿಲ್ಲುವುದಿಲ್ಲ? ತುದಿಯಲ್ಲಿ ನಾರುಗಳ ಬಾಯಿ ತೆರೆದಿರುತ್ತದೆ, ಅಂಟನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ. ಅಂಟು ಚೆನ್ನಾಗಿ ಹಿಡಿಯುವುದು ನಾರಿನ ಪಕ್ಕಕ್ಕೆ ನಾರಿನ ಪಕ್ಕ ತಾಗಿದಾಗ. ನಾಲಿಗೆಯ ಎರಡು ಅಗಲ ಮುಖಗಳು ಗುಳಿಯ ಗೋಡೆಗೆ ತಾಗಿ ಅಂಥ ಜಾಗವನ್ನು ಒದಗಿಸುತ್ತವೆ. ಇನ್ನು ನಾಲಿಗೆಯ ಬುಡದಲ್ಲಿ ಉಳಿಯುವ ಮೆಟ್ಟಿಲಿನಂಥ ಭಾಗಕ್ಕೆ ಭುಜ ಅನ್ನೋಣ. ಅದು ಕಾಲಿನ ಮುಖಕ್ಕೆ ಒತ್ತಿಕೊಂಡು ಕೂತು ಅಲ್ಲಾಟ ತಡೆಯುತ್ತದೆ. ನಾಲಿಗೆ ಹಿಡಿಯುತ್ತದೆ, ಭುಜ ನೆಟ್ಟಗೆ ನಿಲ್ಲಿಸುತ್ತದೆ. ಭುಜ ಒಂದು ಕೂದಲೆಳೆ ಸೊಟ್ಟ ಆದರೂ ಕಾಲು ಸೊಟ್ಟ ನಿಲ್ಲುತ್ತದೆ.

ನಾಲಿಗೆ ಎಷ್ಟು ದಪ್ಪ ಇರಬೇಕು? ಒಂದೇ ದಪ್ಪದ ಎರಡು ತುಂಡು ಕೂಡಿಸುವಾಗ ಮೂರನೇ ಒಂದು ಭಾಗ ಅನ್ನುವುದು ರೂಢಿ. ಇಲ್ಲಿ ಕಾಲು 70 ಮಿಲಿಮೀಟರ್ ಇದ್ದು, ಪಟ್ಟಿ 22 ಮಿಲಿಮೀಟರ್ ಇದ್ದರೆ ನಾಲಿಗೆಯನ್ನು 10ರವರೆಗೂ ಬಿಡಬಹುದು. ಕಾಲಿನಲ್ಲಿ ಮರ ಧಾರಾಳವಾಗಿದೆ. ಒಂದೇ ಕಾಲಿಗೆ ಎರಡು ಪಕ್ಕದಿಂದ ನಾಲಿಗೆಗಳು ಬಂದು ಒಳಗೆ ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಎರಡರ ತುದಿಯನ್ನೂ 45 ಡಿಗ್ರಿ ಓರೆಯಾಗಿ ಕೊಯ್ದು, ನಡುವೆ ಒಂದು ಚೂರು ಜಾಗ ಬಿಡುತ್ತಾರೆ.

ಗುಳಿಯನ್ನು ಕಾಲಿನ ತುದಿಯವರೆಗೂ ತೆರೆದು ಬಿಡಬಾರದು. ಬಿಟ್ಟರೆ ಕಾಲಿನ ನೆತ್ತಿಯೇ ಸೀಳಿಕೊಳ್ಳುತ್ತದೆ. ಮೇಲಿನಿಂದ 15–20 ಮಿಲಿಮೀಟರ್ ಬಿಟ್ಟು ಗುಳಿ ತೆಗೆದು, ಆ ಜಾಗಕ್ಕೆ ನಾಲಿಗೆಯ ಒಂದು ಗಿಡ್ಡ ತುಂಡನ್ನು ಮಾತ್ರ ಉಳಿಸಿದರೆ ಅಡ್ಡಪಟ್ಟಿಯ ಮೇಲಂಚು ತಿರುಚಿಕೊಳ್ಳುವುದಿಲ್ಲ. ಗುಳಿ ಹೊಡೆಯುವಾಗಲೇ ಕಾಲು ಸೀಳದಿರಲಿ ಅಂತ ಕಾಲನ್ನು ಒಂದು ಇಂಚು ಉದ್ದವಾಗಿಯೇ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಮೇಲಿನದನ್ನು ಕೊಯ್ದು ಹಾಕುವುದು ವಾಡಿಕೆ.

ಗುರುತು ಹಾಕುವುದಕ್ಕೆ ಪೆನ್ಸಿಲ್ ಸಾಲದು. ಪೆನ್ಸಿಲ್ ಗೆರೆಗೇ ಒಂದು ದಪ್ಪ ಇದೆ. ಮೂಲೆಮಟ್ಟ ಹಿಡಿದು ಹರಿತವಾದ ಚಾಕುವಿನಿಂದ ಗೀರಿದರೆ ನಾರು ಅಲ್ಲೇ ಕತ್ತರಿಸುತ್ತದೆ. ಆ ಗೀರಿನ ಒಳಗೆ ಉಳಿಯ ಅಂಚು ತಾನಾಗಿಯೇ ಹೋಗಿ ಕೂರುತ್ತದೆ, ಕೈಗೂ ಗೊತ್ತಾಗುತ್ತದೆ. ಭುಜ ಕೊಯ್ಯುವಾಗ ಗೀರಿನ ಹೊರಮಗ್ಗುಲಲ್ಲಿ ಉಳಿಯಿಂದ ಒಂದು ಸಣ್ಣ ಓರೆ ಕಚ್ಚು ತೆಗೆದರೆ ಗರಗಸಕ್ಕೂ ದಾರಿ ಸಿಗುತ್ತದೆ, ಅಂಚು ಚಕ್ಕೆ ಏಳುವುದಿಲ್ಲ.

ನಾಲಿಗೆಯನ್ನು ಗೀರಿಗಿಂತ ಸ್ವಲ್ಪ ದಪ್ಪಗೆ ಕೊಯ್ದು, ಆಮೇಲೆ ಉಳಿಯಿಂದ ತೆಳ್ಳಗೆ ಕೆತ್ತುತ್ತಾ ಕೂರಿಸಿ ನೋಡಬೇಕು. ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ಕೊಡತಿಯ ನಾಲ್ಕು ಮೆಲ್ಲನೆಯ ಏಟಿಗೆ ಹೋಗಬೇಕು. ಜೋರಾಗಿ ಬಡಿಯಲೇಬೇಕು ಅಂತಾದರೆ ಕಾಲು ಸೀಳುತ್ತದೆ. ತಲೆಕೆಳಗೆ ಹಿಡಿದಾಗ ತಾನಾಗಿ ಕಳಚಿ ಬಿದ್ದರೆ ಸಡಿಲ ಜಾಸ್ತಿಯಾಯಿತು, ಪಕ್ಕಕ್ಕೆ ಒಂದು ತೆಳು ಮರದ ಸಿಪ್ಪೆ ಅಂಟಿಸಿ ಮತ್ತೆ ಕೆತ್ತಬೇಕು.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಕಾಲಿನ ನಾರು ಮೇಲಿಂದ ಕೆಳಕ್ಕೆ, ಪಟ್ಟಿಯ ನಾರು ಅಡ್ಡಕ್ಕೆ. ಪಟ್ಟಿ ತನ್ನ ಅಗಲದಲ್ಲಿ ಹಿಗ್ಗಿದರೆ ಜಗಳ ಆಗುವುದಿಲ್ಲವೇ? ಆಗುತ್ತದೆ. ಆದರೆ 110 ಮಿಲಿಮೀಟರ್ ಪಟ್ಟಿಯಲ್ಲಿ ಅದು ಒಂದೂವರೆ ಮಿಲಿಮೀಟರ್ ಆಸುಪಾಸು, ಮರ ಅಷ್ಟನ್ನು ತಡೆದುಕೊಳ್ಳುತ್ತದೆ. ಪಟ್ಟಿ ಇನ್ನೂ ಅಗಲವಾದರೆ ಒಂದೇ ನಾಲಿಗೆಯ ಬದಲು ಎರಡು ಸಣ್ಣ ನಾಲಿಗೆ ಮಾಡುತ್ತಾರೆ.

ತಾನೇ ಎಳೆದುಕೊಳ್ಳುವ ಗೂಟ

ಒಳ್ಳೆಯ ಅಂಟು ಇಲ್ಲದ ಕಾಲದಲ್ಲಿ ಈ ಜೋಡಣೆಯನ್ನು ಬಿಗಿ ಹಿಡಿಯಲು ಮರದ ಗೂಟ ಹೊಡೆಯುತ್ತಿದ್ದರು. ಅದರಲ್ಲಿ ಒಂದು ಜಾಣತನ ಇದೆ.

ಮೊದಲು ಕಾಲಿಗೆ, ಗುಳಿಯ ಎರಡೂ ಗೋಡೆ ದಾಟುವಂತೆ, 8 ಮಿಲಿಮೀಟರ್ ತೂತು ಕೊರೆಯುತ್ತಾರೆ. ನಾಲಿಗೆಯನ್ನು ಒಳಗೆ ತಳ್ಳಿ, ಭುಜ ಪೂರ್ತಿ ಕೂತ ಮೇಲೆ, ಆ ತೂತಿನ ಮೂಲಕ ಬೈರಿಗೆಯ ಮೊನೆ ಒತ್ತಿ ನಾಲಿಗೆಯ ಮೇಲೆ ಗುರುತು ಮಾಡುತ್ತಾರೆ. ಹೊರಗೆ ತೆಗೆದು ನಾಲಿಗೆಗೆ ತೂತು ಹಾಕುವಾಗ ಆ ಗುರುತಿನ ಮೇಲೆ ಹಾಕುವುದಿಲ್ಲ. ಭುಜದ ಕಡೆಗೆ ಒಂದು, ಒಂದೂವರೆ ಮಿಲಿಮೀಟರ್ ಸರಿಸಿ ಹಾಕುತ್ತಾರೆ. ಈಗ ಮತ್ತೆ ಕೂಡಿಸಿದರೆ ತೂತುಗಳು ಸಾಲಾಗಿ ಬರುವುದಿಲ್ಲ. ತುದಿ ಚೂಪು ಮಾಡಿದ ಗೂಟ ಹೊಡೆದಾಗ ಅದು ತೂತುಗಳನ್ನು ಸಾಲಿಗೆ ತರಲು ಹೋಗಿ ನಾಲಿಗೆಯನ್ನು ಒಳಕ್ಕೆ ಎಳೆಯುತ್ತದೆ. ಭುಜ ಕಾಲಿಗೆ ಕಚ್ಚಿಕೊಳ್ಳುತ್ತದೆ. ಕ್ಲ್ಯಾಂಪ್ ಕೂಡ ಬೇಕಾಗುವುದಿಲ್ಲ.

ಗೂಟ ಅಂಗಡಿಯ ಉರುಟು ಕಡ್ಡಿಯಾದರೆ ಸಾಲದು. ಕೊಯ್ದ ಕಡ್ಡಿಯಲ್ಲಿ ನಾರು ಓರೆಯಾಗಿ ಹೊರಗೆ ಹೋಗಿರಬಹುದು, ಬಾಗುವಾಗ ಅಲ್ಲೇ ಮುರಿಯುತ್ತದೆ. ನಾರಿನ ಜಾಡು ಹಿಡಿದು ಸೀಳಿದ, ಚೆನ್ನಾಗಿ ಒಣಗಿದ ಗಟ್ಟಿ ಮರದ ತುಂಡಿನಿಂದ ಗೂಟ ಕೆತ್ತಬೇಕು. ತೂತನ್ನು ಜಾಸ್ತಿ ಸರಿಸಿದರೂ ಗೂಟ ಮುರಿಯುತ್ತದೆ, ಇಲ್ಲವೇ ನಾಲಿಗೆ ಬಿರಿಯುತ್ತದೆ. ಆ ಒಂದು ಮಿಲಿಮೀಟರಿನಲ್ಲೇ ಎಲ್ಲ ಇದೆ.

ಅಂಟು ಹಾಕಿ ಕೂಡಿಸುವುದಾದರೆ ಮೊದಲು ಎರಡು ಗಿಡ್ಡ ಪಕ್ಕಗಳನ್ನು ಮುಗಿಸಿಕೊಂಡು, ಒಣಗಿದ ಮೇಲೆ ಉದ್ದದ ಪಟ್ಟಿಗಳಿಂದ ಅವೆರಡನ್ನೂ ಸೇರಿಸಿದರೆ ಗಡಿಬಿಡಿ ಇರುವುದಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಒಂದೇ ಬಂದರೆ ಚೌಕಟ್ಟು ಮೂಲೆಮಟ್ಟಕ್ಕೆ ಸರಿಯಾಗಿದೆ ಅಂತ ಅರ್ಥ.

ಮೇಲುಹಲಗೆ

900 ಮಿಲಿಮೀಟರ್ ಅಗಲದ ಒಂದೇ ಹಲಗೆ ಸಿಗುವುದು ಅಪರೂಪ. ಸಿಕ್ಕರೂ ಬಾಗುವ ಭಯ. ಹಾಗಾಗಿ 100–150 ಮಿಲಿಮೀಟರ್ ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸುತ್ತಾರೆ. ಇಲ್ಲಿ ಎಲ್ಲ ಹಲಗೆಯ ನಾರೂ ಒಂದೇ ದಿಕ್ಕಿಗೆ ಇರುವುದರಿಂದ ಎಲ್ಲವೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಜಗಳವೇ ಇಲ್ಲ. ಸರಿಯಾಗಿ ಕೂತ ಇಂಥ ಅಂಟಿನ ಜೋಡಣೆಯನ್ನು ಬಲವಂತವಾಗಿ ಮುರಿದರೆ ಸಾಮಾನ್ಯವಾಗಿ ಪಕ್ಕದ ಮರ ಮುರಿಯುತ್ತದೆ, ಅಂಟು ಬಿಡುವುದಿಲ್ಲ.

ಕಷ್ಟ ಇರುವುದು ಅಂಚನ್ನು ನೇರ ಮಾಡುವುದರಲ್ಲಿ. ಎರಡು ಹಲಗೆಯನ್ನು ಪುಸ್ತಕ ಮುಚ್ಚಿದಂತೆ ಮುಖಕ್ಕೆ ಮುಖ ಸೇರಿಸಿ ಹಿಡಿದು, ಎರಡರ ಅಂಚನ್ನೂ ಒಟ್ಟಿಗೆ ತೋಪಡ, ಅಂದರೆ ಮರ ಕೀಸುವ ಉಪಕರಣ, ಹೊಡೆಯಬೇಕು. ತೋಪಡ ಒಂದು ಡಿಗ್ರಿ ವಾಲಿದರೂ ತೊಂದರೆ ಇಲ್ಲ. ಬಿಡಿಸಿ ಪಕ್ಕಪಕ್ಕ ಇಟ್ಟಾಗ ಒಂದರ ಓರೆ ಇನ್ನೊಂದರ ಓರೆಗೆ ಸರಿಹೋಗಿ ಮೇಲ್ಮೈ ಚಪ್ಪಟೆ ನಿಲ್ಲುತ್ತದೆ. ನಡುವಿನಲ್ಲಿ ಕಾಗದದಷ್ಟು ತೆಳ್ಳಗೆ ಬೆಳಕು ಕಾಣುವಂತೆ ಒಂದು ಚೂರು ತಗ್ಗು ಬಿಡುವವರೂ ಇದ್ದಾರೆ. ಹಲಗೆಯ ತುದಿ ಬೇಗ ಒಣಗಿ ಕುಗ್ಗುತ್ತದೆ, ಮೊದಲು ಬಾಯಿ ಬಿಡುವುದು ಅಲ್ಲೇ. ಈ ತಗ್ಗು ತುದಿಗಳನ್ನು ಯಾವಾಗಲೂ ಒತ್ತಿ ಹಿಡಿಯುತ್ತದೆ.

ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಿಡಿಯಲು ಸತಾಯಿಸುತ್ತದೆ. ಅಂಚು ಕೀಸಿದ ಕೂಡಲೇ ಅಸಿಟೋನ್‌ನಿಂದ ಒರೆಸಿ, ಆರಿದ ತಕ್ಷಣ ಅಂಟು ಹಾಕಬೇಕು. ಅಂಟಿಸಿದ ಹಲಗೆಯನ್ನು ನೆಲದ ಮೇಲೆ ಮಲಗಿಸಿಡಬೇಡಿ. ಮೇಲಿನ ಮುಖಕ್ಕೆ ಮಾತ್ರ ಗಾಳಿ ತಾಗಿ ದೋಣಿಯ ಹಾಗೆ ಬಾಗುತ್ತದೆ.

ಕಾಲಿನ ಮೇಲೆ ಕೂರಿಸುವುದು

ಬಹಳಷ್ಟು ಟೇಬಲ್ ಹಾಳಾಗುವುದು ಈ ಹಂತದಲ್ಲಿ. ಅಡಿಯ ಚೌಕಟ್ಟು ಗಟ್ಟಿಯಾಗಿ ನಿಂತಿದೆ. ಗಿಡ್ಡ ಅಡ್ಡಪಟ್ಟಿಯ ಉದ್ದ ಬದಲಾಗುವುದಿಲ್ಲ, ಯಾಕೆಂದರೆ ಅದು ನಾರಿನ ದಿಕ್ಕು. ಅದರ ಮೇಲೆ ಕೂರುವ ಹಲಗೆ ಮಾತ್ರ ಅದೇ ದಿಕ್ಕಿನಲ್ಲಿ 13 ಮಿಲಿಮೀಟರ್ ಓಡಾಡುತ್ತದೆ. ಎರಡನ್ನೂ ಅಂಟಿನಿಂದಲೋ ಸ್ಕ್ರೂವಿನಿಂದಲೋ ಬಿಗಿದರೆ ಮೊದಲ ಒಣ ಹವೆಗೇ ಹಲಗೆ ಸೀಳುತ್ತದೆ.

ಹಳೆಯ ಪರಿಹಾರ ಮರದ ಬಟನ್. ಅಡ್ಡಪಟ್ಟಿಯ ಒಳಮುಖದಲ್ಲಿ, ಮೇಲಂಚಿಗಿಂತ ಸ್ವಲ್ಪ ಕೆಳಗೆ, ಉದ್ದಕ್ಕೆ ಕಾಲುವೆಯಂಥ ಒಂದು ಸಣ್ಣ ತೋಡು ತೆಗೆಯುತ್ತಾರೆ. ಬೆರಳುದ್ದದ ಮರದ ತುಂಡಿಗೆ ಒಂದು ತುಟಿ ಮಾಡಿ, ಆ ತುಟಿಯನ್ನು ತೋಡಿನೊಳಗೆ ಸೇರಿಸಿ, ತುಂಡನ್ನು ಮಾತ್ರ ಹಲಗೆಗೆ ಸ್ಕ್ರೂ ಮಾಡುತ್ತಾರೆ. ಹಲಗೆ ಮೇಲಕ್ಕೆ ಏಳುವ ಹಾಗಿಲ್ಲ, ಪಕ್ಕಕ್ಕೆ ಜಾರಬಹುದು. ಉದ್ದ ಪಟ್ಟಿಗಳ ಬಳಿ ಬಟನ್ನಿನ ತುಟಿ ತೋಡಿನ ತಳ ಮುಟ್ಟದ ಹಾಗೆ ಐದಾರು ಮಿಲಿಮೀಟರ್ ಜಾಗ ಇರಬೇಕು. ಎಷ್ಟು ಅನ್ನುವುದು ಆ ದಿನದ ಹವೆಯನ್ನು ನೋಡಿ. ತೇವದ ದಿನಗಳಲ್ಲಿ ಕೂರಿಸಿದರೆ ಹಲಗೆ ಮುಂದೆ ಕುಗ್ಗುತ್ತದೆ, ಒಣ ದಿನಗಳಲ್ಲಿ ಕೂರಿಸಿದರೆ ಹಿಗ್ಗುತ್ತದೆ. ಗಿಡ್ಡ ಪಟ್ಟಿಯ ನಟ್ಟನಡುವೆ ಒಂದು ಸ್ಕ್ರೂ ಬಿಗಿಯಾಗಿ ಹಾಕಬಹುದು. ಆಗ ಹಿಗ್ಗುವಿಕೆ ಎರಡೂ ಪಕ್ಕಕ್ಕೆ ಸಮನಾಗಿ ಹಂಚಿಹೋಗುತ್ತದೆ.

ಕೆಲವು ಟೇಬಲ್ಲುಗಳ ಎರಡು ತುದಿಗೆ ಅಡ್ಡ ಹಲಗೆಯೊಂದು ಕೂತಿರುತ್ತದೆ. ಬ್ರೆಡ್‌ಬೋರ್ಡ್ ಎಂಡ್ ಅನ್ನುತ್ತಾರೆ. ಹಲಗೆ ಬಾಗದಂತೆ ಅದು ಹಿಡಿದಿಡುತ್ತದೆ. ಅಲ್ಲೂ ಅದೇ ಲೆಕ್ಕ. ನಡುವಿನ ನಾಲಿಗೆಗೆ ಮಾತ್ರ ಅಂಟು. ಅಕ್ಕಪಕ್ಕದ ನಾಲಿಗೆಗಳಲ್ಲಿ ಗೂಟದ ತೂತು ಉದ್ದವಾಗಿರುತ್ತದೆ, ಅಂಟು ಇರುವುದಿಲ್ಲ. ತೇವದ ತಿಂಗಳಲ್ಲಿ ಮೇಲುಹಲಗೆ ಆ ತುದಿಪಟ್ಟಿಗಿಂತ ಒಂದೆರಡು ಮಿಲಿಮೀಟರ್ ಹೊರಗೆ ಚಾಚಿದಂತೆ ಬೆರಳಿಗೆ ತಾಗುತ್ತದೆ, ಒಣ ತಿಂಗಳಲ್ಲಿ ಒಳಗೆ ಹೋಗಿರುತ್ತದೆ. ಹಾಗಾದರೆ ಟೇಬಲ್ ಸರಿಯಾಗಿದೆ ಅಂತಲೇ ಅರ್ಥ.

ಪಾಲಿಶ್

ಯಾವ ಪಾಲಿಶ್ ಕೂಡ ಮರ ತೇವ ಹೀರುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಹಾಗಾಗಿ ಅಡಿಮುಖಕ್ಕೂ ಮೇಲ್ಮುಖದಷ್ಟೇ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದರೆ ಎರಡು ಮುಖ ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಬಾಗುತ್ತದೆ. ಅರಗಿನ ಪಾಲಿಶ್ ಚೆಂದ, ಆದರೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಪಾಲಿಯುರೆಥೇನ್ ಬಿಸಿ, ನೀರು ಎರಡಕ್ಕೂ ಜಾಸ್ತಿ ತಡೆಯುತ್ತದೆ, ಗೀರು ಬಿದ್ದರೆ ರಿಪೇರಿ ಕಷ್ಟ. ಎಣ್ಣೆಯ ಪಾಲಿಶ್ ಇದಕ್ಕೆ ಉಲ್ಟಾ.

ಎರಡು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಇನ್ನು ಮರದ ಧೂಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಉಪ್ಪುಕಾಗದ ಹೊಡೆಯುವಾಗ ಮಾಸ್ಕ್ ಇರಲೇಬೇಕು.

ಈಗಾಗಲೇ ಸೀಳಿದ ಟೇಬಲ್ ಮನೆಯಲ್ಲಿದ್ದರೆ

ಸೀಳಿಗೆ ಕೂಡಲೇ ಪುಟ್ಟಿ ತುಂಬಬೇಡಿ. ತೇವದ ದಿನಗಳಲ್ಲಿ ಹಲಗೆ ಮತ್ತೆ ಹಿಗ್ಗಿದಾಗ ಗಟ್ಟಿಯಾದ ಪುಟ್ಟಿ ಬೆಣೆಯಾಗಿ ಸೀಳನ್ನು ಇನ್ನಷ್ಟು ಅಗಲ ಮಾಡುತ್ತದೆ.

ಮೊದಲು ಟೇಬಲ್ ಕೆಳಗೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಅಡ್ಡಪಟ್ಟಿಯಿಂದ ನೇರವಾಗಿ ಮೇಲಕ್ಕೆ ಹೊಡೆದ ಸ್ಕ್ರೂ ಇದೆಯೇ? ನಾರಿಗೆ ಅಡ್ಡವಾಗಿ ಅಂಟಿಸಿದ ರೀಪು ಇದೆಯೇ? ಮೂಲೆಗಳಲ್ಲಿ ಕಬ್ಬಿಣದ ಎಲ್ ಪಟ್ಟಿ ಬಿಗಿದಿದ್ದಾರೆಯೇ? ಹಲಗೆಯನ್ನು ಹಿಡಿದಿಟ್ಟ ಜಾಗ ಅದೇ. ಸ್ಕ್ರೂ ಬಿಚ್ಚಿ, ಅಡ್ಡಪಟ್ಟಿಯ ತೂತನ್ನು ಹಲಗೆ ಹಿಗ್ಗುವ ದಿಕ್ಕಿಗೆ ಉದ್ದ ಮಾಡಿ, ವಾಷರ್ ಹಾಕಿ ಸಡಿಲವಾಗಿ ಮತ್ತೆ ಕೂರಿಸಬಹುದು. ಇಲ್ಲವೇ ಬಟನ್‌ಗೆ ಬದಲಾಯಿಸಬಹುದು. ಆಮೇಲೆ ಒಂದು ಪೂರ್ತಿ ವರ್ಷ, ಒಣ ತಿಂಗಳು, ತೇವದ ತಿಂಗಳು ಎರಡೂ ಕಳೆಯುವವರೆಗೆ ಬಿಡಿ. ಸಣ್ಣ ಸೀಳಾದರೆ ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಸೀಳಿನ ಉದ್ದಕ್ಕೂ ಕೊಯ್ದು, ಎರಡೂ ಅಂಚು ತೋಪಡ ಹೊಡೆದು ಮತ್ತೆ ಅಂಟಿಸುವುದೇ ಸರಿ. ಟೇಬಲ್ಲಿನ ಅಗಲ ಮೂರು ನಾಲ್ಕು ಮಿಲಿಮೀಟರ್ ಕಡಿಮೆಯಾಗುತ್ತದೆ.